ಉಡುಪಿಗೆ ಬಿದ್ದ ಕಲ್ಲು ಮಸ್ಸಾಲಿಯಾದ್ದಾ?

ಪ್ರಶ್ನೆ: ಸಾರ್, ಭೂಮಿಗೆ ಬೀಳುವ ಉಲ್ಕಾಶಿಲೆಗಳಲ್ಲಿ ಮೂರರಲ್ಲಿ ಒಂದಕ್ಕಿಂತ ಜಾಸ್ತಿ ಮಸ್ಸಾಲಿಯಾ ಅನ್ನುವ ಒಂದೇ ಕ್ಷುದ್ರಗ್ರಹದ ತುಂಡುಗಳು ಅಂತ ಓದಿದೆ. ಅಷ್ಟು ದೂರದ ಸಂಗತಿ ಇಲ್ಲಿ ಕೂತು ಹೇಗೆ ಗೊತ್ತಾಗುತ್ತದೆ? ಬ್ರಿಟಿಷರ ಕಾಲದಲ್ಲಿ ಉಡುಪಿಗೂ ಒಂದು ಕಲ್ಲು ಬಿದ್ದಿತ್ತಂತೆ, ಅದೂ ಅಲ್ಲಿಯದ್ದೇ? ಆ ಕ್ಷುದ್ರಗ್ರಹದಲ್ಲಿ ನೀರು ಸಿಕ್ಕಿದೆ ಅಂತಲೂ ಯಾರೋ ಹೇಳಿದರು, ನಿಜವಾ? ಇನ್ನೊಂದು ವಿಷಯ. ನಮ್ಮ ತೋಟದಲ್ಲಿ ಜೆಸಿಬಿ ಕೆಲಸ ಮಾಡಿಸುವಾಗ ಕಪ್ಪಗಿನ ಒಂದು ಭಾರದ ಕಲ್ಲು ಸಿಕ್ಕಿದೆ. ಆಯಸ್ಕಾಂತ ಹಿಡಿದರೆ ಸ್ವಲ್ಪ ಎಳೆಯುತ್ತದೆ. ಫೋಟೋ ಇಟ್ಟಿದ್ದೇನೆ.
– ಬ್ರಹ್ಮಾವರದ ಓದುಗರೊಬ್ಬರು

ಉತ್ತರ: ಮೊದಲು ಉಡುಪಿಯದ್ದು ಹೇಳಿಬಿಡುತ್ತೇನೆ, ಅದಕ್ಕೆ ಉತ್ತರ ಚಿಕ್ಕದು. ಅಲ್ಲ, ಆ ಕಲ್ಲು ಮಸ್ಸಾಲಿಯಾದ್ದಲ್ಲ.

1866ರಲ್ಲಿ ಉಡುಪಿ ಮದ್ರಾಸ್ ಪ್ರೆಸಿಡೆನ್ಸಿಗೆ ಸೇರಿದ ದಕ್ಷಿಣ ಕೆನರಾ ಜಿಲ್ಲೆಯ ಒಂದು ಊರು. ಆ ವರ್ಷ ಅಲ್ಲಿ ಬಿದ್ದ ಕಲ್ಲು ಜಗತ್ತಿನ ಉಲ್ಕಾಶಿಲೆಗಳ ಪಟ್ಟಿಯಲ್ಲಿ ಇವತ್ತಿಗೂ ಇದೆ, ಹಳೇ ಇಂಗ್ಲಿಷ್ ಕಾಗುಣಿತದಲ್ಲಿ 'ಉಡಿಪಿ' ಅಂತ. ತೂಕ ಸುಮಾರು 3.6 ಕಿಲೋ. ಜಾತಿಯ ಕಾಲಂನಲ್ಲಿ 'ಎಚ್5' ಅಂತ ಬರೆದಿದೆ. ಅದರ ಹಿಂದಿನ ವರ್ಷ, 1865ರಲ್ಲಿ, ಮದ್ದೂರಿಗೆ ಒಂದು ಬಿದ್ದಿತ್ತು. ಹೌದು, ವಡೆಯ ಮದ್ದೂರೇ. ಅದರ ಮುಂದೆ 'ಎಲ್5' ಅಂತ ಇದೆ. ನಿಮ್ಮ ಮಸ್ಸಾಲಿಯಾ ಪ್ರಶ್ನೆಗೆ ಹೌದು ಅನ್ನಬಹುದಾದ ಕಲ್ಲು ಮದ್ದೂರಿನದ್ದು. ಉಡುಪಿಯದ್ದರ ಮನೆ ಬೇರೆ ಕಡೆ ಇದೆ, ಬಹುಶಃ ಇನ್ನೂ ದೂರ. ಒಂದು ಅಕ್ಷರದಿಂದ ಇಷ್ಟೆಲ್ಲ ಹೇಗೆ ಹೇಳುತ್ತಾರೆ ಅನ್ನುವುದೇ ನಿಮ್ಮ ಮುಖ್ಯ ಪ್ರಶ್ನೆ, ಹಾಗಾಗಿ ಅದನ್ನು ಸ್ವಲ್ಪ ನಿಧಾನವಾಗಿ ನೋಡೋಣ.

ಭೂಮಿಗೆ ಬೀಳುವ ಉಲ್ಕಾಶಿಲೆಗಳಲ್ಲಿ ಬಹುಪಾಲು ಸಾಮಾನ್ಯ ಕಾಂಡ್ರೈಟ್‌ಗಳು. ಒಳಗೆ ಸಾಸಿವೆ ಗಾತ್ರದ ಉರುಟು ಕಾಳುಗಳಿರುವ ಕಲ್ಲು, ನಡುನಡುವೆ ಕಬ್ಬಿಣ-ನಿಕಲ್ ಲೋಹದ ಚುಕ್ಕಿಗಳು. ಆ ಕಾಳುಗಳಿಗೆ ಕಾಂಡ್ರೂಲ್ ಅಂತ ಹೆಸರು. ಸೌರಮಂಡಲ ಹುಟ್ಟುವ ಹೊತ್ತಿಗೆ, ಅಂದರೆ ಸುಮಾರು 456 ಕೋಟಿ ವರ್ಷದ ಹಿಂದೆ, ಕರಗಿ ಹನಿಯಾಗಿ ಗಟ್ಟಿಯಾದವು ಅವು. ಈ ಕಲ್ಲುಗಳನ್ನು ಒಟ್ಟು ಕಬ್ಬಿಣದ ಪ್ರಮಾಣ ನೋಡಿ ಮೂರು ಜಾತಿ ಮಾಡುತ್ತಾರೆ. ಎಚ್ ಜಾತಿಯಲ್ಲಿ ಕಬ್ಬಿಣ ಜಾಸ್ತಿ, ತೂಕದಲ್ಲಿ ಕಾಲು ಭಾಗಕ್ಕಿಂತ ಮೇಲೆ. ಎಲ್ ಜಾತಿಯಲ್ಲಿ ಅದಕ್ಕಿಂತ ಕಡಿಮೆ, ನೂರಕ್ಕೆ ಇಪ್ಪತ್ತರಿಂದ ಇಪ್ಪತ್ತೈದು. ಎಲ್‌ಎಲ್‌ನಲ್ಲಿ ಇನ್ನೂ ಕಡಿಮೆ. ಪಕ್ಕದ 5 ಅನ್ನುವ ಅಂಕಿ ಕಲ್ಲು ತನ್ನ ಹುಟ್ಟೂರಿನ ಒಳಗೆ ಎಷ್ಟು ಬೆಂದಿತ್ತು ಅಂತ ಹೇಳುತ್ತದೆ. 3 ಅಂದರೆ ಹೆಚ್ಚುಕಡಿಮೆ ಹಸಿ, 6 ಅಂದರೆ ಚೆನ್ನಾಗಿ ಬೆಂದದ್ದು.

ಮಸ್ಸಾಲಿಯಾ ಏನು ಅಂತ ಹೇಳದೆ ಮುಂದೆ ಹೋಗುವ ಹಾಗಿಲ್ಲ. ಮಂಗಳ ಮತ್ತು ಗುರು ಗ್ರಹಗಳ ನಡುವೆ ಕ್ಷುದ್ರಗ್ರಹಗಳ ಪಟ್ಟಿ (ಬೆಲ್ಟ್) ಇದೆಯಲ್ಲ, ಅದರ ಒಳಭಾಗದಲ್ಲಿ, ಸೂರ್ಯನಿಂದ ಸರಾಸರಿ 36 ಕೋಟಿ ಕಿಲೋಮೀಟರ್ ದೂರದಲ್ಲಿ ಸುತ್ತುವ ಕಲ್ಲಿನ ಕಾಯ. ಅಡ್ಡಳತೆ 140 ಕಿ.ಮೀ. ಆಸುಪಾಸು. ಮಂಗಳೂರಿನಿಂದ ಹೆದ್ದಾರಿ ಹಿಡಿದು ಉಡುಪಿ, ಕುಂದಾಪುರ, ಬೈಂದೂರು ದಾಟಿ ಭಟ್ಕಳ ಸೇರಿದರೆ ಅಷ್ಟಾಗುತ್ತದೆ. ಒಂದು ಸುತ್ತಿಗೆ ಮೂರು ವರ್ಷ ಒಂಬತ್ತು ತಿಂಗಳು ಬೇಕು. ತನ್ನ ಸುತ್ತ ತಾನು ತಿರುಗಲು ಎಂಟು ಗಂಟೆ ಸಾಕು. 1852ರ ಸೆಪ್ಟೆಂಬರ್ 19ರ ರಾತ್ರಿ ನೇಪಲ್ಸ್‌ನಲ್ಲಿ ಅನಿಬಲೆ ಡಿ ಗ್ಯಾಸ್ಪರಿಸ್ ಇದನ್ನು ಕಂಡರು. ಮರುರಾತ್ರಿ ಫ್ರಾನ್ಸಿನ ಮಾರ್ಸೆಯಲ್ಲಿ ಜೀನ್ ಶಕೊರ್ನಾಕ್, ನೇಪಲ್ಸ್ ಸುದ್ದಿ ಗೊತ್ತಿಲ್ಲದೆ, ತಾವೂ ಕಂಡರು. ಹೆಸರು ಬಂದದ್ದು ಮಾತ್ರ ಎರಡನೆಯವರ ಊರಿನಿಂದ, ಆ ಊರಿನ ಹಳೇ ಗ್ರೀಕ್ ಹೆಸರು ಮಸ್ಸಾಲಿಯಾ. ಅದುವರೆಗೆ ಕ್ಷುದ್ರಗ್ರಹಗಳಿಗೆಲ್ಲ ಪುರಾಣದ ಹೆಸರು ಇಡುತ್ತಿದ್ದರು.

ಇದು ಎಸ್ ವರ್ಗದ್ದು, ಅಂದರೆ ಕಲ್ಲಿನ ಕ್ಷುದ್ರಗ್ರಹ. ಪಟ್ಟಿಯ ಒಳಭಾಗದಲ್ಲಿ ಇಂಥವು ಜಾಸ್ತಿ. ಹೊರಕ್ಕೆ ಹೋದ ಹಾಗೆ ಇದ್ದಲಿನ ಹಾಗೆ ಕಪ್ಪಗಿರುವ, ಇಂಗಾಲ ತುಂಬಿದ ಸಿ ವರ್ಗದವು ಜಾಸ್ತಿಯಾಗುತ್ತವೆ. ಎಸ್ ವರ್ಗದವು ತಮಗೆ ಬಿದ್ದ ಬೆಳಕಿನಲ್ಲಿ ಸುಮಾರು ಐದನೇ ಒಂದು ಭಾಗ ಹಿಂದೆ ಕಳಿಸುತ್ತವೆ, ಆದ್ದರಿಂದ ಗಾತ್ರಕ್ಕೆ ಹೋಲಿಸಿದರೆ ಬೆಳ್ಳಗೆ ಕಾಣುತ್ತವೆ. ಈ ಹಿಂದೆ ಬಂದ ಬೆಳಕನ್ನು ಬಿಡಿಸಿ ನೋಡಿದರೆ ಇನ್‌ಫ್ರಾರೆಡ್ ಕಡೆ, ಸುಮಾರು ಒಂದು ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲಿ ಒಂದು ಭಾಗ) ಅಲೆಯುದ್ದದ ಹತ್ತಿರ ಒಂದು ತಗ್ಗು, ಎರಡು ಮೈಕ್ರಾನ್ ಹತ್ತಿರ ಇನ್ನೊಂದು ತಗ್ಗು ಕಾಣುತ್ತದೆ. ಆಲಿವಿನ್ ಮತ್ತು ಪೈರಾಕ್ಸೀನ್ ಅನ್ನುವ ಖನಿಜಗಳು ಮಾಡುವ ಗುರುತು ಅದು. ಎರಡರಲ್ಲಿ ಯಾವುದು ಎಷ್ಟಿದೆ ಅನ್ನುವುದನ್ನು ಆ ತಗ್ಗುಗಳ ಆಕಾರದಿಂದ ಅಂದಾಜು ಮಾಡಬಹುದು. ಪ್ರಯೋಗಾಲಯದಲ್ಲಿ ಎಲ್ ಜಾತಿಯ ಉಲ್ಕಾಶಿಲೆಯ ಪುಡಿಗೆ ಬೆಳಕು ಬಿಟ್ಟು ಅಳೆದರೂ ಅದೇ ತರದ ತಗ್ಗುಗಳು. ಹಾಗಾದರೆ ಇಷ್ಟೇ ಸಾಕಲ್ವಾ, ಎರಡನ್ನೂ ಹೊಂದಿಸಿ ನೋಡಿದರೆ ಆಯಿತು ಅಂತ ಅನಿಸಬಹುದು.

ಆಗುವುದಿಲ್ಲ. ಎರಡು ತೊಂದರೆ ಇವೆ. ಒಂದು, ಬಾಹ್ಯಾಕಾಶದಲ್ಲಿ ಬಿದ್ದಿರುವ ಕಲ್ಲಿನ ಬಣ್ಣ ಕಾಲ ಕಳೆದ ಹಾಗೆ ಬದಲಾಗುತ್ತದೆ. ಸೂರ್ಯನಿಂದ ಬರುವ ಕಣಗಳು, ಸಣ್ಣ ಸಣ್ಣ ಧೂಳಿನ ಹೊಡೆತ, ಇವೆಲ್ಲ ಸೇರಿ ಮೇಲ್ಮೈಯ ಕಾಳುಗಳ ಮೇಲೆ ಅತಿ ತೆಳು ಪದರ ಕೂರಿಸುತ್ತವೆ. ಅದರಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಕಬ್ಬಿಣದ ಕಣಗಳು. ಕಲ್ಲು ಕೆಂಪಾಗುತ್ತದೆ, ಮಂಕಾಗುತ್ತದೆ, ತಗ್ಗುಗಳು ಆಳ ಕಳೆದುಕೊಳ್ಳುತ್ತವೆ. ಇದರಿಂದಾಗಿಯೇ ದಶಕಗಳ ಕಾಲ ಒಂದು ವಿಚಿತ್ರ ಪರಿಸ್ಥಿತಿ ಇತ್ತು: ಆಕಾಶದಲ್ಲಿ ಎಲ್ಲಿ ನೋಡಿದರೂ ಎಸ್ ವರ್ಗ, ಭೂಮಿಗೆ ಬೀಳುವುದೆಲ್ಲ ಸಾಮಾನ್ಯ ಕಾಂಡ್ರೈಟ್, ಆದರೂ ಎರಡೂ ಒಂದೇ ಅಂತ ಖಡಾಖಂಡಿತ ಹೇಳುವ ಧೈರ್ಯ ಯಾರಿಗೂ ಇಲ್ಲ. ಜಪಾನಿನ ಹಯಬುಸಾ ನೌಕೆ 2005ರಲ್ಲಿ ಇಟೊಕಾವಾ ಅನ್ನುವ ಪುಟ್ಟ ಎಸ್ ವರ್ಗದ ಕ್ಷುದ್ರಗ್ರಹವನ್ನು ಮುಟ್ಟಿ, 2010ರ ಜೂನ್‌ನಲ್ಲಿ ಅದರ ಧೂಳನ್ನು ಭೂಮಿಗೆ ತಂದ ಮೇಲೆ ಈ ಜಗಳ ಮುಗಿಯಿತು. ಆ ಧೂಳು ಎಲ್‌ಎಲ್ ಕಾಂಡ್ರೈಟ್, ಮೇಲೆ ಕಬ್ಬಿಣದ ಕಣಗಳ ಆ ತೆಳು ಪದರವೂ ಇತ್ತು. ನೌಕೆಯ ಎಂಜಿನ್ ಕೆಟ್ಟು, ಸಂಪರ್ಕ ಕಳೆದು, ವಾಪಸ್ ಬರುವುದೇ ಅನುಮಾನ ಅಂತಿದ್ದ ಯಾನ ಅದು. ನನ್ನ ಮಟ್ಟಿಗೆ ಅದು ತಂದ ಚಿಟಿಕೆ ಧೂಳಿನಷ್ಟು ಕೆಲಸ ಮಾಡಿದ ಇನ್ನೊಂದು ಮಾದರಿ ಕ್ಷುದ್ರಗ್ರಹಗಳ ವಿಷಯದಲ್ಲಿ ಇಲ್ಲ.

ಎರಡನೆಯ ತೊಂದರೆ ಇನ್ನೂ ದೊಡ್ಡದು. ಎಲ್ ತರದ ಖನಿಜ ಇರುವ ಕ್ಷುದ್ರಗ್ರಹ ಒಂದೇ ಅಲ್ಲ. ಬಣ್ಣ ಹೊಂದಿದರೆ ಜಾತಿ ಒಂದೇ ಅಂತ ಹೇಳಬಹುದು, ಈ ಕಲ್ಲು ಇದೇ ಮನೆಯದ್ದು ಅಂತ ಹೇಳಲು ಬರುವುದಿಲ್ಲ. ಅದಕ್ಕೆ ಸಾಕ್ಷಿ ಬೇರೆ ಬೇಕು: ಯಾವಾಗ ಹೊರಟಿತು, ಯಾವ ದಾರಿಯಲ್ಲಿ ಬಂತು.

ಯಾವಾಗ ಅನ್ನುವುದನ್ನು ಕಲ್ಲೇ ಹೇಳುತ್ತದೆ. ಎಲ್ ಜಾತಿಯ ಉಲ್ಕಾಶಿಲೆಗಳಲ್ಲಿ ಬಹಳಷ್ಟಕ್ಕೆ ಭಾರಿ ಹೊಡೆತ ತಿಂದ ಗುರುತು ಇದೆ. ಖನಿಜಗಳು ಬಿರುಕು ಬಿಟ್ಟಿವೆ, ಕೆಲವು ಕಡೆ ಕರಗಿ ಕಪ್ಪು ಎಳೆಗಳಾಗಿವೆ. ಅಂಥ ಹೊಡೆತದಲ್ಲಿ ಕಲ್ಲು ಕಾದರೆ ಒಳಗೆ ಸೇರಿಕೊಂಡಿದ್ದ ಆರ್ಗಾನ್ ಅನಿಲ ಹೊರಗೆ ಹೋಗಿ, ಪೊಟ್ಯಾಸಿಯಂನಿಂದ ಹೊಸದಾಗಿ ಮತ್ತೆ ಸೇರಲು ಶುರುವಾಗುತ್ತದೆ. ಎಷ್ಟು ಸೇರಿದೆ ಅಂತ ಅಳೆದರೆ ಹೊಡೆತ ಬಿದ್ದು ಎಷ್ಟು ಕಾಲ ಆಯಿತು ಅಂತ ಸಿಗುತ್ತದೆ. ಉತ್ತರ ಮತ್ತೆ ಮತ್ತೆ ಸುಮಾರು 47 ಕೋಟಿ ವರ್ಷ ಅಂತಲೇ ಬಂತು. ಇನ್ನು ಸ್ವೀಡನ್ನಿನ ಸುಣ್ಣಕಲ್ಲಿನ ಕ್ವಾರಿಯೊಂದರಲ್ಲಿ ಒಂದು ಅಪರೂಪದ ದಾಖಲೆ ಸಿಕ್ಕಿತು. ನೆಲಕ್ಕೆ ಹಾಸುವ ಕಲ್ಲು ಕೊಯ್ಯುವಾಗ ಕಪ್ಪು ಕಲೆ ಇದೆ ಅಂತ ಬದಿಗಿಡುತ್ತಿದ್ದ ಹಲಗೆಗಳಲ್ಲಿ ಹಳೇ ಉಲ್ಕಾಶಿಲೆಗಳು ಇದ್ದವು! ಆರ್ಡೊವಿಸಿಯನ್ ಕಾಲದ ಸಮುದ್ರದ ತಳಕ್ಕೆ ಬಿದ್ದು, ಕೆಸರಲ್ಲಿ ಹೂತು, ಕಲ್ಲಾಗಿಹೋದವು. ಇದುವರೆಗೆ ಅಂಥವು ನೂರಕ್ಕೂ ಹೆಚ್ಚು ಸಿಕ್ಕಿವೆ, ಒಂದೆರಡು ಬಿಟ್ಟರೆ ಎಲ್ಲ ಎಲ್ ಜಾತಿ. ವಯಸ್ಸು 46.6 ಕೋಟಿ ವರ್ಷದ ಆಸುಪಾಸು. ಅಂದರೆ ಅಲ್ಲಿ ಮೇಲೆ ಏನೋ ಒಡೆಯಿತು, ಒಡೆದ ಸ್ವಲ್ಪ ಕಾಲಕ್ಕೇ ಭೂಮಿಯ ಮೇಲೆ ಕಲ್ಲಿನ ಮಳೆ ಸುರಿಯಿತು.

'ಸ್ವಲ್ಪ ಕಾಲ' ಅಂತ ಸುಮ್ನೆ ಹೇಳಿದ್ದಲ್ಲ. ಬಾಹ್ಯಾಕಾಶದಲ್ಲಿ ಅಲೆಯುವ ಸಣ್ಣ ಕಲ್ಲಿಗೆ ವಿಶ್ವಕಿರಣಗಳು ಬಡಿಯುತ್ತಲೇ ಇರುತ್ತವೆ. ಅದರಿಂದ ಒಳಗೆ ನಿಯಾನ್, ಹೀಲಿಯಂನ ಕೆಲವು ವಿಶೇಷ ರೂಪಗಳು ಹುಟ್ಟುತ್ತವೆ. ದೊಡ್ಡ ಕಾಯದ ಒಳಗೆ ಹೂತಿದ್ದಾಗ ಈ ಕಿರಣ ತಾಗುವುದಿಲ್ಲ. ಹಾಗಾಗಿ ಇವುಗಳ ಪ್ರಮಾಣ ಅಂದರೆ ಕಲ್ಲು ತಾಯಿಯಿಂದ ಬೇರೆಯಾಗಿ ಒಂಟಿಯಾಗಿ ಅಲೆದ ಕಾಲ. ಸ್ವೀಡನ್ನಿನ ಕಲ್ಲುಗಳು ಹೀಗೆ ಅಲೆದದ್ದು ಲಕ್ಷದಿಂದ ಹತ್ತು ಲಕ್ಷ ವರ್ಷದಷ್ಟು ಮಾತ್ರ. ಕ್ಷುದ್ರಗ್ರಹಗಳ ಲೆಕ್ಕದಲ್ಲಿ ಇದು ಏನೂ ಅಲ್ಲ. ಇಷ್ಟು ಬೇಗ ಬರಬೇಕಾದರೆ ಹೊರಟ ಜಾಗದ ಪಕ್ಕದಲ್ಲೇ ಹೆದ್ದಾರಿ ಇರಬೇಕು.

ಆ ಹೆದ್ದಾರಿಯ ಸುಳಿವು ಕೊಟ್ಟವರು ಅಮೆರಿಕದ ಡೇನಿಯಲ್ ಕರ್ಕ್‌ವುಡ್. ಕ್ಷುದ್ರಗ್ರಹಗಳ ಪಟ್ಟಿಯಲ್ಲಿ ಕೆಲವು ದೂರಗಳಲ್ಲಿ ಯಾವುದೂ ಇಲ್ಲ, ಖಾಲಿ ಅಂತ ಅವರು ತೋರಿಸಿದ್ದು 1866ರಲ್ಲಿ. ಉಡುಪಿಗೆ ಕಲ್ಲು ಬಿದ್ದ ವರ್ಷವೇ, ಕಾಕತಾಳೀಯ ಅಷ್ಟೇ. ಸೂರ್ಯನಿಂದ ಸುಮಾರು 37 ಕೋಟಿ ಕಿ.ಮೀ. ದೂರದಲ್ಲಿ ಒಂದು ಮುಖ್ಯ ಖಾಲಿ ಜಾಗ ಇದೆ. ಅಲ್ಲಿ ಸುತ್ತುವ ಕಲ್ಲು ಗುರು ಗ್ರಹ ಒಂದು ಸುತ್ತು ಮುಗಿಸುವಷ್ಟರಲ್ಲಿ ಸರಿಯಾಗಿ ಮೂರು ಸುತ್ತು ಹಾಕುತ್ತದೆ. ಆಗ ಗುರುವಿನ ಎಳೆತ ಪ್ರತಿಸಲ ಅದೇ ಲಯದಲ್ಲಿ ಬೀಳುತ್ತಾ ಬಂದು ಕಲ್ಲಿನ ಕಕ್ಷೆಯನ್ನು ಉದ್ದಕ್ಕೆ ಎಳೆಯುತ್ತದೆ. ಕೊನೆಗೆ ಅದು ಮಂಗಳನ ದಾರಿ ದಾಟಿ, ಭೂಮಿಯ ದಾರಿಯನ್ನೂ ದಾಟುತ್ತದೆ. ಪಟ್ಟಿಯ ಒಳ ಅಂಚಿನಲ್ಲಿ ಶನಿಯ ಕೈವಾಡದ ಇನ್ನೊಂದು ದಾರಿ ಇದೆ. ಒಳಪಟ್ಟಿ ಅನ್ನುವುದು ಈ ಎರಡರ ನಡುವೆ ಸಿಕ್ಕಿಕೊಂಡ ಜಾಗ. ಅದಕ್ಕೇ ಭೂಮಿಗೆ ಬರುವ ಕಲ್ಲಿನ ಮಟ್ಟಿಗೆ ಒಳಪಟ್ಟಿಯ ಎಸ್ ವರ್ಗದವರಿಗೆ ಇಷ್ಟು ಪ್ರಾಮುಖ್ಯ. ಪಟ್ಟಿಯ ಹೊರಗಿನ ಕಡೆ ಕಲ್ಲು ಇದಕ್ಕಿಂತ ಎಷ್ಟೋ ಜಾಸ್ತಿ ಇದೆ, ಆದರೆ ಅಲ್ಲಿಂದ ಇಲ್ಲಿಗೆ ಬರುವುದು ಅಷ್ಟು ಸುಲಭ ಇಲ್ಲ.

ಮಸ್ಸಾಲಿಯಾ ಆ 37 ಕೋಟಿಯ ದಾರಿಗೆ ತೀರ ಪಕ್ಕದ್ದು. ಅದರ ಸುತ್ತಮುತ್ತ, ಅದೇ ತರದ ಕಕ್ಷೆಯಲ್ಲಿ, ಸಾವಿರಾರು ಸಣ್ಣ ಕ್ಷುದ್ರಗ್ರಹಗಳ ಒಂದು ಕುಟುಂಬ ಇದೆ. ಕುಟುಂಬ ಅಂದರೆ ಒಂದೇ ಡಿಕ್ಕಿಯಲ್ಲಿ ಹಾರಿದ ತುಂಡುಗಳು. ಮಸ್ಸಾಲಿಯಾ ತಾನು ಒಡೆದುಹೋಗಿಲ್ಲ, ಮೈಮೇಲೆ ದೊಡ್ಡ ಕುಳಿ ಬಿದ್ದು ಅಲ್ಲಿಂದ ಚೂರುಗಳು ಹಾರಿದವು ಅಂತ ಲೆಕ್ಕ. ಈ ಚೂರುಗಳು ಹೆದ್ದಾರಿವರೆಗೆ ತಾವಾಗಿಯೇ ಸರಿಯುತ್ತವೆ. ಬಿಸಿಲಿಗೆ ಕಾದ ಬದಿ ತಿರುಗಿ ನೆರಳಿಗೆ ಹೋದ ಮೇಲೆ ಆ ಶಾಖವನ್ನು ಹೊರಗೆ ಬಿಡುತ್ತದೆ, ಬಿಡುವಾಗ ಅತಿ ಸಣ್ಣ ತಳ್ಳು ಸಿಗುತ್ತದೆ. ಇದನ್ನು ಇವಾನ್ ಯಾರ್ಕೋವ್ಸ್ಕಿ ಅನ್ನುವ ಎಂಜಿನಿಯರ್ ಸುಮಾರು 1900ರ ಹೊತ್ತಿಗೇ ಹೇಳಿದ್ದರು. 140 ಕಿ.ಮೀ. ಗಾತ್ರದ ಮಸ್ಸಾಲಿಯಾಕ್ಕೆ ಇದು ಲೆಕ್ಕಕ್ಕೇ ಇಲ್ಲ. ಆದರೆ ಆಟೋರಿಕ್ಷಾದಷ್ಟು ದೊಡ್ಡ ಕಲ್ಲಿಗೆ, ಕೋಟಿ ವರ್ಷಗಳಲ್ಲಿ, ದಾರಿ ಬದಲಿಸುವಷ್ಟು ಆಗುತ್ತದೆ.

2024ರ ಅಕ್ಟೋಬರಿನಲ್ಲಿ 'ನೇಚರ್' ಪತ್ರಿಕೆಯಲ್ಲಿ ಒಟ್ಟಿಗೇ ಬಂದ ಎರಡು ಪ್ರಬಂಧಗಳು ಈ ಸಾಕ್ಷಿಗಳನ್ನೆಲ್ಲ ಒಂದೆಡೆ ತಂದವು. ಮೈಕಲ್ ಮಾರ್ಸೆಟ್, ಮಿರೋಸ್ಲಾವ್ ಬ್ರೋಜ್, ಪಿಯೆರ್ ವೆರ್ನಾಜಾ ಮತ್ತು ಜೊತೆಗಾರರ ಕೆಲಸ. ವೆರ್ನಾಜಾ ಇರುವುದು ಮಾರ್ಸೆಯಲ್ಲೇ ಅನ್ನುವುದು ನನಗೆ ಮಜಾ ಅನಿಸಿತು. ಅವರ ಪ್ರಕಾರ ಮಸ್ಸಾಲಿಯಾಕ್ಕೆ ಎರಡು ದೊಡ್ಡ ಏಟು ಬಿದ್ದಿವೆ. ಮೊದಲನೆಯದು ಸುಮಾರು 47 ಕೋಟಿ ವರ್ಷದ ಹಿಂದೆ, ಸ್ವೀಡನ್ನಿನ ಕಲ್ಲುಗಳಿಗೆ ಕಾರಣ ಅದು. ಎರಡನೆಯದು ಸುಮಾರು 4 ಕೋಟಿ ವರ್ಷದ ಹಿಂದೆ. ಈಗ ಬೀಳುತ್ತಿರುವ ಎಲ್ ಜಾತಿಯ ಕಲ್ಲುಗಳು ಈ ಎರಡನೆಯದರವು, ಮೈಯಲ್ಲಿ ಮೊದಲ ಏಟಿನ ಗಾಯವೂ ಉಳಿದಿದೆ. ಎಲ್ ಜಾತಿಯ ಕಲ್ಲುಗಳು ವಿಶ್ವಕಿರಣಕ್ಕೆ ಒಡ್ಡಿಕೊಂಡ ಕಾಲ ಅಳೆದಾಗ 4 ಕೋಟಿ ವರ್ಷದ ಹತ್ತಿರ ಒಂದು ಗುಂಪು ಮೊದಲೇ ಕಂಡಿತ್ತು, ಅದೂ ಇಲ್ಲಿ ಕೂಡಿಬಂತು. ಬೀಳುವ ಉಲ್ಕಾಶಿಲೆಗಳಲ್ಲಿ ಎಲ್ ಜಾತಿ ನೂರಕ್ಕೆ 37ರಷ್ಟು. ನೀವು ಓದಿದ 'ಮೂರರಲ್ಲಿ ಒಂದಕ್ಕಿಂತ ಜಾಸ್ತಿ' ಅನ್ನುವ ಮಾತು ಅಲ್ಲಿಂದ ಬಂದದ್ದು. ಇದಕ್ಕೆ ಮೊದಲು ತಾಯಿ ಯಾರು ಅಂತ ಸರಿಯಾಗಿ ಗೊತ್ತಿದ್ದದ್ದು ಚಂದ್ರ, ಮಂಗಳ ಮತ್ತು ವೆಸ್ಟಾ ಅನ್ನುವ ಕ್ಷುದ್ರಗ್ರಹದಿಂದ ಬಂದ, ನೂರಕ್ಕೆ ಆರರಷ್ಟು ಕಲ್ಲುಗಳಿಗೆ ಮಾತ್ರ.

ಇನ್ನು ಎಚ್ ಜಾತಿ, ನಮ್ಮ ಉಡುಪಿಯದ್ದು. ಅದು ನೂರಕ್ಕೆ 33ರಷ್ಟು. ಅವುಗಳ ಅಲೆದಾಟದ ಕಾಲದಲ್ಲಿ 70-80 ಲಕ್ಷ ವರ್ಷದ ಹತ್ತಿರ ದೊಡ್ಡ ಗುಂಪು ಇದೆ. ಸೂರ್ಯನಿಂದ ಸುಮಾರು 43 ಕೋಟಿ ಕಿ.ಮೀ. ದೂರದಲ್ಲಿರುವ ಕೊರೋನಿಸ್ ಅನ್ನುವ ಕ್ಷುದ್ರಗ್ರಹಗಳ ಗುಂಪಿನಲ್ಲಿ 58 ಲಕ್ಷ ಮತ್ತು 76 ಲಕ್ಷ ವರ್ಷಗಳ ಹಿಂದೆ ಎರಡು ಡಿಕ್ಕಿಗಳಾಗಿವೆ, ಎಚ್ ಜಾತಿ ಅಲ್ಲಿಂದ ಬಂದದ್ದು ಅನ್ನುವುದು ಅದೇ ಸಂಶೋಧಕರ ತೀರ್ಮಾನ. ಮೊದಲೆಲ್ಲ ಹೀಬಿ ಅನ್ನುವ ಕ್ಷುದ್ರಗ್ರಹದ ಮೇಲೆ ಅನುಮಾನ ಇತ್ತು. ಒಂದೇ ಒಂದು ಕಲ್ಲನ್ನು ಹಿಡಿದು, ಅದರಲ್ಲೂ ಒಂದೂವರೆ ಶತಮಾನದ ಹಿಂದೆ ಕಕ್ಷೆಯ ಲೆಕ್ಕ ಯಾವುದೂ ಸಿಗದೆ ಬಿದ್ದದ್ದನ್ನು ಹಿಡಿದು, ಇದು ಇಂಥ ಡಿಕ್ಕಿಯದ್ದೇ ಅಂತ ಕೋರ್ಟಿನಲ್ಲಿ ನಿಲ್ಲುವ ಹಾಗೆ ಹೇಳಲಾಗುವುದಿಲ್ಲ. ಜಾತಿ ಎಚ್ ಆಗಿರುವುದರಿಂದ ಮಸ್ಸಾಲಿಯಾ ಅಲ್ಲ ಅಂತ ಮಾತ್ರ ಗಟ್ಟಿಯಾಗಿ ಹೇಳಬಹುದು, ಕೊರೋನಿಸ್ ಕಡೆಯದ್ದು ಅನ್ನುವುದು ಒಳ್ಳೆಯ ಊಹೆ.

ಇಲ್ಲಿ ಒಂದು ಮಾತು ಹೇಳಬೇಕು, ಪೇಪರಿನವರು ಇದನ್ನು ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ. ಭೂಮಿಗೆ ಬೀಳುವ ಕಲ್ಲುಗಳಲ್ಲಿ ಮಸ್ಸಾಲಿಯಾದ ಪಾಲು ಜಾಸ್ತಿ ಅಂದ ಕೂಡಲೇ ಆಕಾಶದಲ್ಲಿ ಅದೇ ಜಾಸ್ತಿ ಇದೆ ಅಂತ ತಿಳಿಯಬಾರದು. ಡಿಕ್ಕಿ ಇತ್ತೀಚಿನದು, ದಾರಿ ಹತ್ತಿರ, ಕಲ್ಲು ಗಟ್ಟಿ, ಆದ್ದರಿಂದ ಈಗ ಬೀಳುತ್ತಿದೆ. ಇಂಗಾಲದ ಕಪ್ಪು ಕಲ್ಲುಗಳು ಬಾಹ್ಯಾಕಾಶದಲ್ಲಿ ಧಾರಾಳ, ಆದರೆ ಮೆತ್ತಗಿರುವುದರಿಂದ ವಾತಾವರಣಕ್ಕೆ ಬಂದರೆ ಪುಡಿಯಾಗಿಬಿಡುತ್ತವೆ. ಇನ್ನು ಹತ್ತು ಕೋಟಿ ವರ್ಷ ಬಿಟ್ಟು ಯಾರಾದರೂ ಉಲ್ಕಾಶಿಲೆ ಆರಿಸಿದರೆ ಅವರ ಡಬ್ಬಿಯಲ್ಲಿ ಬೇರೆಯೇ ಜಾತಿ ಜಾಸ್ತಿ ಇರಬಹುದು. ನಮ್ಮ ಮ್ಯೂಸಿಯಂಗಳಲ್ಲಿ ಇರುವುದು ಕೊನೆಕೊನೆಯ ಕೆಲವು ಡಿಕ್ಕಿಗಳ ಚೂರುಗಳು, ಇಡೀ ಪಟ್ಟಿಯ ಜನಗಣತಿ ಅಲ್ಲ.

ನೀರಿನ ವಿಷಯ ನಿಜ, ಆದರೆ ಬಾವಿ ತೋಡುವಷ್ಟು ಅಂತ ಅಂದುಕೊಳ್ಳಬೇಡಿ. ನಾಸಾ ಮತ್ತು ಜರ್ಮನಿಯವರು ಸೇರಿ ಬೋಯಿಂಗ್ 747 ವಿಮಾನದಲ್ಲಿ ದೂರದರ್ಶಕ ಕೂರಿಸಿ ಸೋಫಿಯಾ ಅಂತ ಹಾರಿಸುತ್ತಿದ್ದರು, 2022ರವರೆಗೆ. ಹನ್ನೆರಡು ಕಿ.ಮೀ.ಗಿಂತ ಮೇಲೆ ಹೋದರೆ ನಮ್ಮದೇ ಗಾಳಿಯ ತೇವಾಂಶ ಬಹುತೇಕ ಕೆಳಗೆ ಉಳಿಯುತ್ತದೆ, ಬೇರೆಯವರ ನೀರು ಹುಡುಕುವಾಗ ಅಡ್ಡ ಬರುವುದಿಲ್ಲ. ಅದು ನೋಡಿದ ಕ್ಷುದ್ರಗ್ರಹಗಳಲ್ಲಿ ಐರಿಸ್ ಮತ್ತು ಮಸ್ಸಾಲಿಯಾ ಎರಡರಲ್ಲೂ ಆರು ಮೈಕ್ರಾನ್ ಹತ್ತಿರ ನೀರಿನ ಅಣುವಿನ ಗುರುತು ಸಿಕ್ಕಿತು, 2024ರ ಫೆಬ್ರವರಿಯಲ್ಲಿ ಪ್ರಕಟವಾಯಿತು. ಇದರ ವಿಶೇಷ ಏನೆಂದರೆ ಮೂರು ಮೈಕ್ರಾನ್ ಹತ್ತಿರ ಸಿಗುವ ಹಳೆಯ ಗುರುತಿನಲ್ಲಿ ನೀರು ಯಾವುದು, ಆಮ್ಲಜನಕ-ಜಲಜನಕ ಮಾತ್ರ ಇರುವ ಹೈಡ್ರಾಕ್ಸಿಲ್ ಯಾವುದು ಅಂತ ಬೇರ್ಪಡಿಸುವುದು ಕಷ್ಟ. ಆರು ಮೈಕ್ರಾನಿನ ಗುರುತು ನೀರಿಗೆ ಮಾತ್ರ ಬರುತ್ತದೆ. ಪ್ರಮಾಣ ಚಂದ್ರನ ಬಿಸಿಲು ಬೀಳುವ ಜಾಗದಲ್ಲಿ ಸಿಕ್ಕಷ್ಟೇ: ಒಂದು ಘನ ಮೀಟರ್ ಮಣ್ಣಿಗೆ ಹೆಚ್ಚುಕಡಿಮೆ 350 ಮಿಲಿಲೀಟರ್. ಖನಿಜಕ್ಕೆ ಅಂಟಿಕೊಂಡೋ ಗಾಜಿನಂಥ ಕಾಳುಗಳ ಒಳಗೆ ಸಿಕ್ಕಿಕೊಂಡೋ ಇರುವಂಥದ್ದು. ಎಸ್ ವರ್ಗದವು ಸೂರ್ಯನಿಗೆ ಹತ್ತಿರ, ಮಂಜು ಕಟ್ಟದ ಬಿಸಿಯಲ್ಲಿ ಹುಟ್ಟಿದವು, ಒಣಕಲು ಅಂತಲೇ ಎಲ್ಲರೂ ನಂಬಿದ್ದರು. ಆ ನಂಬಿಕೆ ಈಗ ಸ್ವಲ್ಪ ಅಲುಗಿದೆ.

ಅಪಾಯದ ಬಗ್ಗೆ ನೀವು ಕೇಳಿಲ್ಲ, ಆದರೆ ಯಾರಾದರೂ ಕೇಳಿಯೇ ಕೇಳುತ್ತಾರೆ. ಮಸ್ಸಾಲಿಯಾ ಅತಿ ಹತ್ತಿರ ಬಂದಾಗಲೂ ನಮ್ಮಿಂದ 15 ಕೋಟಿ ಕಿ.ಮೀ.ಗಿಂತ ಆಚೆ. ಅದು ಬರುವುದಿಲ್ಲ, ಅದರ ಚೂರು ಮಾತ್ರ ಬರುತ್ತದೆ.

ನೋಡಬಹುದಾ? ಬರಿಗಣ್ಣಿಗೆ ಇಲ್ಲ. 50 ಮಿ.ಮೀ. ಬೈನಾಕ್ಯುಲರ್, ಕತ್ತಲೆ ಆಕಾಶ, ಮೊಬೈಲಿನಲ್ಲಿ ಆಕಾಶದ ನಕ್ಷೆ ತೋರಿಸುವ ಸ್ಟೆಲೇರಿಯಂ ಆ್ಯಪ್, ಇಷ್ಟಿದ್ದರೆ ಒಳ್ಳೆಯ ವರ್ಷದಲ್ಲಿ ಸಾಧ್ಯ. ಸುಮಾರು ಹದಿನಾರೂವರೆ ತಿಂಗಳಿಗೊಮ್ಮೆ ಅದು ಸೂರ್ಯನಿಗೆ ನೇರ ಎದುರು ಬರುತ್ತದೆ, ಅದು ಜೂನ್‌ನಿಂದ ಸೆಪ್ಟೆಂಬರ್ ನಡುವೆ ಬಂದರೆ ನಮ್ಮ ಕರಾವಳಿಯವರಿಗೆ ಆ ಸಲ ಕೈತಪ್ಪಿದಂತೆ. ಮಲ್ಪೆ, ಕಾಪು ಕಡಲತೀರ ಚಂದ, ಆದರೆ ಪೂರ್ವಕ್ಕೆ ಪೂರ್ತಿ ಊರಿನ ಬೆಳಕು. ಹೆಬ್ರಿ, ಸೋಮೇಶ್ವರದ ಕಡೆ ಹೋದರೆ ಒಳ್ಳೆಯದು. ಮೊದಲ ಸಲ ನೋಡುವವರು ಒಬ್ಬರೇ ಹುಡುಕುವ ಬದಲು ಪೂರ್ಣಪ್ರಜ್ಞ ಕಾಲೇಜಿನ ಹವ್ಯಾಸಿ ಖಗೋಳ ಸಂಘದವರ ಜೊತೆ ಹೋಗಿ, ಅಥವಾ ಪಿಲಿಕುಳದ ತಾರಾಲಯದಲ್ಲಿ ವಿಚಾರಿಸಿ. ಅದು ನಕ್ಷತ್ರದ ಹಾಗೇ ಕಾಣುತ್ತದೆ. ಎರಡು ರಾತ್ರಿ ಸುತ್ತಲಿನ ಚುಕ್ಕಿಗಳನ್ನು ಕಾಗದದಲ್ಲಿ ಬರೆದುಕೊಂಡು ಹೋಲಿಸಿದರೆ ಯಾವುದು ಜರುಗಿದೆ ಅಂತ ತಿಳಿಯುತ್ತದೆ.

ಸೂರ್ಯನಿಗೆ ಎದುರು ಬರುವ ಆ ಒಂದೆರಡು ರಾತ್ರಿ ಅದು ಲೆಕ್ಕಕ್ಕಿಂತ ಜಾಸ್ತಿ ಬೆಳಗುತ್ತದೆ. ಇದನ್ನು ಕ್ಷುದ್ರಗ್ರಹಗಳಲ್ಲಿ ಮೊದಲು ಅಳೆದದ್ದೇ ಮಸ್ಸಾಲಿಯಾದಲ್ಲಿ. ಟಾಮ್ ಗೆಹ್ರೆಲ್ಸ್ ಅನ್ನುವವರು 1956ರಲ್ಲಿ ಪ್ರಕಟಿಸಿದರು. ಅದರ ಕಕ್ಷೆ ಭೂಮಿಯ ಕಕ್ಷೆಗೆ ಒಂದು ಡಿಗ್ರಿಯಷ್ಟೂ ಓರೆಯಾಗಿಲ್ಲ, ಹಾಗಾಗಿ ಸೂರ್ಯ, ಭೂಮಿ, ಮಸ್ಸಾಲಿಯಾ ಬಹುತೇಕ ಸರಳ ರೇಖೆಗೇ ಬಂದುಬಿಡುತ್ತವೆ. ಅಂಗಳದಲ್ಲಿ ಒಣಗಲು ಹರಡಿದ ಅಡಿಕೆಯನ್ನು ಬೆಳಗಿನ ಬಿಸಿಲಿಗೆ ಬೆನ್ನು ಹಾಕಿ ನೋಡಿ, ಆಮೇಲೆ ಪಕ್ಕದಿಂದ ನೋಡಿ. ಬೆನ್ನು ಹಾಕಿದಾಗ ಪ್ರತಿ ಅಡಿಕೆಯ ನೆರಳೂ ಅದರ ಹಿಂದೆಯೇ ಅಡಗುತ್ತದೆ, ಅಂಗಳ ಬೆಳ್ಳಗೆ ಕಾಣುತ್ತದೆ. ಪಕ್ಕದಿಂದ ನೋಡಿದರೆ ನೆರಳೆಲ್ಲ ಕಣ್ಣಿಗೆ ಬಿದ್ದು ಮಂಕು. ಬೆಳಕು ಕಾಳಿಂದ ಕಾಳಿಗೆ ಬಡಿದು ಬಂದ ದಾರಿಯಲ್ಲೇ ಹಿಂದೆ ತಿರುಗುವ ಇನ್ನೊಂದು ಕಾರಣವೂ ಸೇರುತ್ತದೆ, ಅದನ್ನು ಇಲ್ಲಿ ಬಿಡೋಣ. ನೆಲ ಬಂಡೆಯ ಹಾಗೆ ನುಣುಪಾಗಿರದೆ ಧೂಳು-ಕಾಳಿನಿಂದ ತುಂಬಿದೆ ಅಂತ, ಯಾವ ನೌಕೆಯೂ ಹೋಗದೆ, ಇಷ್ಟರಿಂದಲೇ ಊಹಿಸಿದರು. ಮಸ್ಸಾಲಿಯಾಕ್ಕೆ ನೌಕೆ ಇವತ್ತಿಗೂ ಹೋಗಿಲ್ಲ.

ಈಗ ನಿಮ್ಮ ಕಲ್ಲು. ಫೋಟೋ ನೋಡಿದೆ. ನೇರವಾಗಿ ಹೇಳುವುದಾದರೆ ಉಲ್ಕಾಶಿಲೆ ಅಂತ ಅನಿಸುವುದಿಲ್ಲ. ಮೈ ತುಂಬ ಸಣ್ಣ ತೂತುಗಳಿವೆ. ಕಾಂಡ್ರೈಟ್‌ನಲ್ಲಿ ಗುಳ್ಳೆಯ ತೂತು ಇರುವುದಿಲ್ಲ. ಮೇಲೆ ಒಂದು ಮಿಲಿಮೀಟರಿನಷ್ಟು ತೆಳುವಾದ, ಸುಟ್ಟ ಕಪ್ಪು ಸಿಪ್ಪೆ ಇರುತ್ತದೆ, ಬೆರಳಿನಿಂದ ಒತ್ತಿದ ಹಾಗೆ ತಗ್ಗುಗಳಿರಬಹುದು, ಅಷ್ಟೇ. ನಮ್ಮ ಜಿಲ್ಲೆಗಳಲ್ಲಿ ಇಂಥ ಗೊಂದಲ ಆಗಲು ಕಾರಣ ಕಾಲಡಿಯಲ್ಲೇ ಇದೆ. ಮುರಕಲ್ಲಿನ ನೆಲ, ಕಬ್ಬಿಣ ತುಂಬಿದ ನೆಲ. ಮುರಕಲ್ಲಿನ ಮೇಲ್ಪದರದಲ್ಲಿ ಕಬ್ಬಿಣ ಒತ್ತೊತ್ತಾಗಿ ಸೇರಿ ಕಪ್ಪಾಗಿ, ಭಾರವಾಗಿ, ಹೊಳಪಾಗಿ ಗಟ್ಟಿಯಾಗುತ್ತದೆ, ಕೆಲವು ತುಂಡು ಆಯಸ್ಕಾಂತಕ್ಕೂ ಒಂದಿಷ್ಟು ಎಳೆಯುತ್ತದೆ. ಹಿಂದೆ ಕಮ್ಮಾರಸಾಲೆ ಇದ್ದ ಜಾಗವಾದರೆ ಕಬ್ಬಿಣದ ಕಿಟ್ಟವೂ ಆಗಿರಬಹುದು, ಅದಕ್ಕೂ ತೂತು ಇರುತ್ತದೆ. ಇನ್ನು ನಿಜವಾದ ಉಲ್ಕಾಶಿಲೆ ನಮ್ಮಲ್ಲಿ ಮಣ್ಣೊಳಗೆ ಬಹಳ ಕಾಲ ಉಳಿಯುವುದೂ ಇಲ್ಲ. ವರ್ಷಕ್ಕೆ ನಾಲ್ಕು ಮೀಟರ್ ಮಳೆ ಬೀಳುವ ಊರಲ್ಲಿ ಅದರೊಳಗಿನ ಲೋಹ ತುಕ್ಕು ಹಿಡಿದು ಕಲ್ಲು ಉದುರಿಹೋಗುತ್ತದೆ. ಹುಡುಕುವವರು ಸಹಾರಾಕ್ಕೂ ಅಂಟಾರ್ಕ್ಟಿಕಾಕ್ಕೂ ಹೋಗುವುದು ಅದಕ್ಕೇ.

ಆದರೂ ಎಸೆಯುವ ಮೊದಲು ಒಂದು ಪರೀಕ್ಷೆ ಮಾಡಿ. ಬಚ್ಚಲುಮನೆಗೆ ಹಾಕುವ ಬಿಳಿ ಟೈಲ್ಸಿನ ಒಂದು ತುಂಡು ತೆಗೆದುಕೊಳ್ಳಿ, ಹಿಂಬದಿಯ ಹೊಳಪಿಲ್ಲದ ಭಾಗಕ್ಕೆ ಕಲ್ಲನ್ನು ಗಟ್ಟಿಯಾಗಿ ಉಜ್ಜಿ. ಮಂಗಳೂರು ಹಂಚಿನ ಮೇಲೆ ಉಜ್ಜಬೇಡಿ, ಹಂಚೇ ಕೆಂಪು, ಗೆರೆ ಕಾಣುವುದಿಲ್ಲ. ಕೆಂಪು ಅಥವಾ ಕಂದು ಗೆರೆ ಬಂದರೆ ಅದು ಕಬ್ಬಿಣದ ಅದಿರು ತರದ್ದು, ಮುರಕಲ್ಲಿನ ಸಂಬಂಧಿ. ದಟ್ಟ ಕಪ್ಪು-ಬೂದು ಗೆರೆ ಬಂದರೆ ಮ್ಯಾಗ್ನೆಟೈಟ್. ಗೆರೆಯೇ ಬಾರದಿದ್ದರೆ ಒಂದು ಮೂಲೆಯನ್ನು ಅರದಿಂದ ಸ್ವಲ್ಪ ಉಜ್ಜಿ ನೋಡಿ. ಒಳಗೆ ಬೆಳ್ಳಿಯ ಹಾಗೆ ಹೊಳೆಯುವ ಚುಕ್ಕಿಗಳು, ಉರುಟು ಕಾಳುಗಳು ಕಂಡರೆ ಅಲ್ಲಿಗೇ ನಿಲ್ಲಿಸಿ. ಸುತ್ತಿಗೆಯಲ್ಲಿ ಒಡೆಯಬೇಡಿ, ತೊಳೆಯಬೇಡಿ, ಒಣ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಟ್ಟು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಗೆ, ಅಂದರೆ ಜಿಎಸ್‌ಐಗೆ, ತಿಳಿಸಿ. ದೇಶದಲ್ಲಿ ಬಿದ್ದ ಉಲ್ಕಾಶಿಲೆಗಳನ್ನು ಪರೀಕ್ಷಿಸಿ ಜೋಪಾನ ಮಾಡುವವರು ಅವರು. ನನ್ನ ಅಂದಾಜು ಕೆಂಪು ಗೆರೆಯ ಕಡೆಗೇ ಇದೆ. ಗೆರೆಯ ಫೋಟೋ ಕಳಿಸಿ, ಹಗಲು ಬೆಳಕಿನಲ್ಲಿ ತೆಗೆದದ್ದು, ಫ್ಲಾಶ್ ಹಾಕದೆ.